ಕೇಸಿಲ್ಲದ ಮನೆ

ಅನುದಾನದ ಹೊಸ ನಿಯಮ ಬಂದ ದಿನ ಶ್ರೀರಂಜಿನಿಗೆ ಮೊದಲು ನೆನಪಾದದ್ದು ಲೋಲಾಕ್ಷಿಯ ಮಗ ಭವಿತ್.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಸಣ್ಣ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಮಕ್ಕಳಿಗೆ ಪೆಟ್ಟು ಬೀಳುವ, ಹೊತ್ತಿಗೆ ಊಟ ಸಿಗದ, ನೋಡಿಕೊಳ್ಳುವವರಿಲ್ಲದೆ ಮಕ್ಕಳು ಒಂಟಿಯಾಗಿ ಉಳಿಯುವ ಮನೆಗಳಿಗೆ ಹೋಗಿ, ಜಗಲಿಯಲ್ಲಿ ಕೂತು, ಮಾತಾಡಿ, ಕೆಟ್ಟದ್ದು ನಡೆಯುವ ಮೊದಲೇ ತಡೆಯಲು ನೋಡುವುದು. ಅದಕ್ಕೆ ಸರಕಾರದ ಅನುದಾನವಿತ್ತು. ಮಲಯಾಳದಲ್ಲಿದ್ದ ಹೊಸ ಆದೇಶವನ್ನು ಮೇಲ್ವಿಚಾರಕ ಕೃಷ್ಣಕುಮಾರ ಓದಿ ಹೇಳಿದರು. ಇನ್ನು ಮುಂದೆ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕೇಸು ದಾಖಲಾದ ಮನೆಗಳಿಗೆ ಮಾತ್ರ ಭೇಟಿ. ಉಳಿದವುಗಳನ್ನು ತಿಂಗಳ ಕೊನೆಗೆ ಬಿಡಬೇಕು.

"ಆಗಿ ಹೋದ ಮೇಲೆ ಹೋಗ್ಬಹುದು, ಆಗದ ಹಾಗೆ ನೋಡ್ಲಿಕ್ಕೆ ಹೋಗ್ಬಾರದು ಅಂತಲಾ ಸರ್?"

ಕೃಷ್ಣಕುಮಾರ ಕೆಟ್ಟ ಮನುಷ್ಯನಲ್ಲ. ಅವರಿಗೂ ಅದು ಹಿಡಿಸಿರಲಿಲ್ಲ. ಬಿಡಲಾಗದಂಥ ಮನೆ ಇದ್ದರೆ ನೀನೇ ಸಮಿತಿಗೆ ವರದಿ ಕೊಡು, ಕೇಸಾದರೆ ಹೋಗುತ್ತಿರಬಹುದು ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಲೋಲಾಕ್ಷಿಯ ಮನೆ ಎಣ್ಮಕಜೆಯಲ್ಲಿ, ಗೇರು ತೋಟದ ಅಂಚಿಗೆ. ಗಂಡ ಬಿಟ್ಟುಹೋಗಿದ್ದ. ಆರು ವರ್ಷದ ಭವಿತ್‌ಗೆ ಮಾತು ಬಂದಿರಲಿಲ್ಲ. ಬಾಗಿಲು ತೆರೆದಿದ್ದರೆ ಸಾಕು, ಹಿಂದೆ ಮುಂದೆ ನೋಡದೆ ಓಡುತ್ತಿದ್ದ. ಮನೆಯ ಕೆಳಗೆ ಯಾರೋ ಕೆಂಪುಕಲ್ಲು ಕೊರೆದು ಹಾಗೇ ಬಿಟ್ಟುಹೋದ ಹೊಂಡ, ಅದರ ತುಂಬ ನೀರು. ಕೂಲಿಗೆ ಹೋಗುವಾಗ ಲೋಲಾಕ್ಷಿ ಮಗನ ಸೊಂಟಕ್ಕೆ ಹಳೇ ಸೀರೆ ಬಿಗಿದು ಕಂಬಕ್ಕೆ ಕಟ್ಟಿ ಹೋಗುತ್ತಿದ್ದಳು. ಶ್ರೀರಂಜಿನಿ ಮೊದಲ ಸಲ ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತು ಒಳಗೆ ಬಿಟ್ಟಿರಲೇ ಇಲ್ಲ. ಒಳಗೆ ಕರೆದು ಚಾ ಕೊಡಲು ಒಂದು ಮಳೆಗಾಲ ಕಳೆಯಬೇಕಾಯಿತು. ಆಮೇಲೆ ಪಕ್ಕದ ಮನೆಯ ಮೂಕಾಂಬಿಕಾ ಎಂಬ ಹಿರಿಯ ಹೆಂಗಸು ಹಗಲು ಹುಡುಗನನ್ನು ನೋಡಿಕೊಳ್ಳಲು ಒಪ್ಪಿದರು. ಸೀರೆಯ ಕಟ್ಟು ಬಿಚ್ಚಿತು. ಸೊಂಟದ ಕಪ್ಪು ಗುರುತು ಮಾಸುತ್ತ ಬಂತು.

ಈಗ ವರದಿ ಕೊಟ್ಟರೆ ಆ ಹಳೆಯದನ್ನೆಲ್ಲ ಹೇಳಬೇಕು. ಸಮಿತಿಯವರು ಹುಡುಗನನ್ನು ಮಕ್ಕಳ ಆಶ್ರಯ ಕೇಂದ್ರಕ್ಕೆ ಕಳಿಸಿದರೆ? ಕೊಡದಿದ್ದರೆ ಆ ಮನೆಯ ಕಡೆ ತಲೆ ಹಾಕುವವರೇ ಇಲ್ಲ. ಹೇಗೆ ಯೋಚಿಸಿದರೂ ಎದೆ ಹಗುರವಾಗಲಿಲ್ಲ. ನಾಳೆ ನಾಳೆ ಎಂದು ದೂಡುತ್ತಲೇ ತಿಂಗಳ ಕೊನೆಯ ವಾರ ಬಂತು.

ಆ ಮಂಗಳವಾರ ಗುಡ್ಡೆ ಹತ್ತುವಾಗಲೇ ಏನೋ ಸರಿಯಿಲ್ಲವೆನಿಸಿತು. ಮೂಕಾಂಬಿಕಾ ಅವರ ಮನೆಗೆ ಬೀಗ. ಲೋಲಾಕ್ಷಿಯ ಮನೆಗೂ ಬೀಗ. ಶ್ರೀರಂಜಿನಿ ನೇರ ಹೊಂಡದ ಅಂಚಿಗೆ ಓಡಿದಳು. ಹಸಿರುಗಟ್ಟಿದ ನೀರು ಅಲುಗದೆ ನಿಂತಿತ್ತು. ಆ ಸ್ತಬ್ಧತೆಯಿಂದ ಸಮಾಧಾನವಾಗಬೇಕೋ ಹೆದರಬೇಕೋ ತಿಳಿಯದೆ ನಿಂತಿದ್ದಾಗ ಮನೆಯೊಳಗಿಂದ ಧಡ್ ಧಡ್ ಎಂಬ ಸದ್ದು ಕೇಳಿತು.

ಕಿಟಕಿಯಲ್ಲಿ ಬಗ್ಗಿ ನೋಡಿದಳು. ಭವಿತ್‌ನನ್ನು ಸೀರೆಯಿಂದ ಮಂಚದ ಕಾಲಿಗೆ ಕಟ್ಟಿಹಾಕಲಾಗಿತ್ತು. ಅವನು ಹಿಮ್ಮಡಿಯಿಂದ ನೆಲಕ್ಕೆ ಬಡಿಯುತ್ತಿದ್ದ. ಮಗು ಬದುಕಿದೆ ಎಂಬುದು ಅವಳ ಮನಸ್ಸಿಗೆ ಬಂದ ಮೊದಲ ಮಾತು. ಅದರ ಹಿಂದೆಯೇ, ಇನ್ನು ಕೇಸಾಗುತ್ತದೆ, ಇಲ್ಲಿಗೆ ಬರಬಹುದು ಎಂಬ ಯೋಚನೆಯೂ ಬಂತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಸರಳಿನ ನಡುವೆ ಕೈ ತೂರಿಸಿ ಅವನ ಹೆಸರು ಕರೆಯುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಅವನು ಸೀರೆ ಬಿಗಿಯಾಗುವಷ್ಟು ಮುಂದೆ ಬಂದು ಅವಳ ಬೆರಳು ಹಿಡಿದುಕೊಂಡ. ಮಧ್ಯಾಹ್ನ ಮಗನಿಗೆ ಉಣಿಸಲೆಂದು ಓಡಿಬಂದ ಲೋಲಾಕ್ಷಿ ಕಂಡದ್ದು ಹಾಗೆ ನಿಂತ ಶ್ರೀರಂಜಿನಿಯನ್ನು. ಮೂಕಾಂಬಿಕಾ ಮಗಳ ಬಾಣಂತನಕ್ಕೆ ಪುತ್ತಿಗೆಗೆ ಹೋಗಿದ್ದಾರೆ, ತಾನು ಕೆಲಸ ಬಿಟ್ಟರೆ ಆ ಜಾಗಕ್ಕೆ ಬೇರೆಯವರನ್ನು ಸೇರಿಸಿಕೊಳ್ಳುತ್ತಾರೆ ಎಂದಷ್ಟೇ ಹೇಳಿ ಬೀಗ ತೆಗೆದಳು.

ಶ್ರೀರಂಜಿನಿ ಏನನ್ನೂ ಮುಚ್ಚಿಡಲಿಲ್ಲ. ನಿಯಮ ಬದಲಾದದ್ದು, ತಾನು ಇಷ್ಟು ದಿನ ಬಾಯಿ ಬಿಡದೆ ಉಳಿದದ್ದು, ಇವತ್ತು ಕಣ್ಣಾರೆ ಕಂಡ ಮೇಲೆ ಸುಮ್ಮನಿರಲಾಗದು ಎಂಬುದು, ಎಲ್ಲವನ್ನೂ ಹೇಳಿದಳು. ಲೋಲಾಕ್ಷಿ ಗಂಟು ಬಿಚ್ಚುತ್ತ ಕೇಳಿಸಿಕೊಂಡಳು.

"ಹೇಳಿದ್ರೆ ಇವನನ್ನು ಕೊಂಡೋಗ್ತಾರಾ ಅಕ್ಕ?"

"ಕೊಂಡೋಗ್ಲಿಕ್ಕೂ ಸಾಕು. ಇಲ್ಲ ಅಂತ ನಾನು ಸುಳ್ಳು ಹೇಳುದಿಲ್ಲ."

"ಹೇಳದಿದ್ರೆ ನೀವು ಬರುದಿಲ್ಲ."

"ಬರ್ಲಿಕ್ಕೆ ಬಿಡುದಿಲ್ಲ."

ಲೋಲಾಕ್ಷಿ ಮಗನ ಸೊಂಟವನ್ನು ಅಂಗೈಯಿಂದ ತಿಕ್ಕಿದಳು. "ನೀವು ಹೇಳಿದ್ರೆ ಅದು ದೂರು ಆಗ್ತದೆ. ನಾನೇ ಹೋಗಿ ಹೇಳಿದ್ರೆ ಎಂತ ಆಗ್ತದೆ ನೋಡುವ" ಎಂದಳು.

ಸಮಿತಿ ಸೇರುವ ದಿನ ಮೂವರೂ ಕಾಸರಗೋಡಿಗೆ ಹೋದರು. ಕಚೇರಿಯ ಜಗಲಿಯಲ್ಲಿ ಜನ ಕಿಕ್ಕಿರಿದಿದ್ದರು. ಆ ಗದ್ದಲಕ್ಕೆ ಭವಿತ್ ಕಿವಿ ಮುಚ್ಚಿ ಕಿರುಚತೊಡಗಿದ. ಒಮ್ಮೆ ಕೊಸರಿಕೊಂಡು ಮೆಟ್ಟಿಲ ಕಡೆ ನುಗ್ಗಿದಾಗ ಲೋಲಾಕ್ಷಿ ಅವನ ರಟ್ಟೆ ಹಿಡಿದು ಜಗ್ಗಿ ಎಳೆದಳು. ಸರಿಯಾಗಿ ಅದೇ ಹೊತ್ತಿಗೆ ಸಮಿತಿಯ ಸದಸ್ಯೆಯೊಬ್ಬರು ಬಾಗಿಲಲ್ಲಿ ನಿಂತಿದ್ದರು. ಅವರು ಎಲ್ಲವನ್ನೂ ನೋಡಿ ಒಳಗೆ ಹೋದರು.

ಒಳಗೆ ವಿಚಾರಣೆ ಮಲಯಾಳದಲ್ಲಿ. ಲೋಲಾಕ್ಷಿ ತಿಳಿದಷ್ಟು ಮಲಯಾಳದಲ್ಲಿ ಸುರುಮಾಡಿ, ತಡವರಿಸಿ, ಕಡೆಗೆ ಮನೆಮಾತು ತುಳುವಿಗೆ ಹೊರಳಿದಳು. ಶ್ರೀರಂಜಿನಿ ಒಂದೊಂದೇ ಮಾತನ್ನು ಅವರಿಗೆ ದಾಟಿಸಿದಳು. ಕಟ್ಟಿದ್ದು ನಾನೇ. ಕಟ್ಟದಿದ್ದರೆ ಅವನು ಹೊಂಡಕ್ಕೆ ಬೀಳುತ್ತಾನೆ. ಕಟ್ಟುವುದು ತಪ್ಪೆಂದು ಗೊತ್ತಿದೆ. ಬೇರೆ ದಾರಿ ಉಂಟೆಂದು ಹೇಳಿಕೊಡಲು ಬರುತ್ತಿದ್ದವರು ಇವರೊಬ್ಬರೇ, ಇವರನ್ನು ನಿಲ್ಲಿಸಬೇಡಿ.

ಬಾಗಿಲಲ್ಲಿ ನೋಡಿದ್ದ ಸದಸ್ಯೆ, ಸದ್ಯಕ್ಕೆ ಹುಡುಗನನ್ನು ಕೇಂದ್ರದಲ್ಲಿ ಇರಿಸುವುದೇ ಕ್ಷೇಮವಲ್ಲವೇ ಎಂದರು. ಆ ಮಾತನ್ನು ಅನುವಾದಿಸುವುದು ಬೇಕಾಗಲಿಲ್ಲ. ಲೋಲಾಕ್ಷಿಗೆ ಅರ್ಥವಾಗಿತ್ತು. ಅವರಿಬ್ಬರನ್ನೂ ಹೊರಗೆ ಕೂರಲು ಹೇಳಿ ಬಾಗಿಲು ಮುಚ್ಚಿದರು. ಒಳಗೆ ದನಿಗಳು ಏರುವುದೂ ಇಳಿಯುವುದೂ ಕೇಳುತ್ತಿತ್ತು, ಮಾತು ಸ್ಪಷ್ಟವಾಗುತ್ತಿರಲಿಲ್ಲ. ಲೋಲಾಕ್ಷಿ ಮಗನನ್ನು ಮಡಿಲಿಗೆ ಒತ್ತಿಕೊಂಡು ಗೋಡೆ ನೋಡುತ್ತ ಕೂತಳು. ಅವಳನ್ನು ಇಲ್ಲಿಯವರೆಗೆ ಕರೆತಂದು ತಾನೇ ಮಗುವನ್ನು ಕಳೆಯುವ ಹಾಗಾಯಿತೇ ಎಂಬ ಯೋಚನೆ ಶ್ರೀರಂಜಿನಿಯನ್ನು ಬಿಡಲಿಲ್ಲ.

ಕರೆ ಬಂದಾಗ ಅಧ್ಯಕ್ಷೆ ನಿಧಾನವಾಗಿ ತೀರ್ಮಾನ ಹೇಳಿದರು. ತಾಯಿ ತಾನಾಗಿ ಬಂದಿರುವುದರಿಂದ ಮಗು ಸದ್ಯ ತಾಯಿಯ ಬಳಿಯೇ ಇರಲಿ. ಕೇಸು ದಾಖಲಾಗುತ್ತದೆ, ವಾರಕ್ಕೊಮ್ಮೆ ಭೇಟಿ ನಡೆಯಬೇಕು. ಹೊಂಡಕ್ಕೆ ಬೇಲಿ ಹಾಕಿಸಲು, ಹಗಲಿನ ವಿಶೇಷ ಶಾಲೆಯಲ್ಲಿ ಜಾಗ ಹುಡುಕಲು ಪಂಚಾಯತಿಗೆ ಬರೆಯುತ್ತೇವೆ. ಮೂರು ತಿಂಗಳ ನಂತರ ಮತ್ತೆ ಬನ್ನಿ. ಅಷ್ಟರಲ್ಲಿ ಇನ್ನೊಮ್ಮೆ ಕಟ್ಟಿದ್ದು ತಿಳಿದರೆ ಮಗು ಕೇಂದ್ರಕ್ಕೆ ಹೋಗುತ್ತದೆ.

ಹಿಂದಿರುಗುವ ಬಸ್ಸಿನಲ್ಲಿ ಭವಿತ್ ಇಬ್ಬರ ನಡುವೆ ನಿದ್ದೆಹೋದ. ಗೆದ್ದೆವೆಂದು ಶ್ರೀರಂಜಿನಿಗೆ ಅನಿಸಬೇಕಿತ್ತು, ಅನಿಸಲಿಲ್ಲ. ಬಸ್ಸು ಚೆರ್ಕಳ ದಾಟಿದ ಮೇಲೆ ಲೋಲಾಕ್ಷಿ ಕೇಳಿದಳು.

"ಬೇಲಿ ಯಾವಾಗ ಬರ್ತದಾ, ಶಾಲೆ ಯಾವಾಗ ಸಿಗ್ತದಾ ಗೊತ್ತಿಲ್ಲ. ಮೂಕಾಂಬಿಕಕ್ಕ ಬರ್ಲಿಕ್ಕೆ ಇನ್ನೂ ಒಂದು ತಿಂಗಳು ಉಂಟು. ಕಟ್ಟುವ ಹಾಗೂ ಇಲ್ಲ. ನಾಳೆ ಬೆಳಿಗ್ಗೆ ಎಂತ ಮಾಡುದು ಅಕ್ಕ?"

ಸಮಿತಿಯ ಮುಂದೆ ಅದನ್ನು ಯಾರೂ ಕೇಳಿರಲಿಲ್ಲ, ತಾನೂ ಕೇಳಿರಲಿಲ್ಲ. "ನಾಳೆ ನಾನು ಬಂದು ಅವನೊಟ್ಟಿಗೆ ಕೂರ್ತೇನೆ. ನಾಡಿದ್ದಿಗೆ ಎಂತಾದ್ರೂ ನೋಡುವ" ಎಂದಳು ಶ್ರೀರಂಜಿನಿ.

ಲೋಲಾಕ್ಷಿ ಸರಿ ಎಂಬಂತೆ ತಲೆಯಾಡಿಸಿದಳು. ಆದರೆ ಮಗ ನಿದ್ದೆಯಲ್ಲಿ ಹೊರಳಿದಾಗ ಅವನ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡವಳು, ಇಳಿಯುವ ತನಕ ಬಿಡಲಿಲ್ಲ.