ಭಾವನ ಜಿಮ್ಮಿನ ಐವತ್ತು ಕಿಲೋ

ಆಂಬುಲೆನ್ಸಿನವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕ್ರೇನಕ್ಕ ಎಂದು. ಎಂಥ ಭಾರಿ ಆಸಾಮಿ ಯಾವ ಮಹಡಿಯಲ್ಲಿ ಬಿದ್ದಿದ್ದರೂ ಸ್ಟ್ರೆಚರಿನ ತಲೆಯ ಕಡೆ ಹಿಡಿಯುವವಳು ಅವಳೇ. ಒಂದು ದಿನ ಮೆಟ್ಟಿಲಲ್ಲಿ ಕಾಲು ಜಾರಿ ಭುಜದ ಮೂಳೆ ಮುರಿಯಿತು. ರೋಗಿಗೆ ಏನೂ ಆಗಲಿಲ್ಲ. ಆ ಪುಣ್ಯಾತ್ಮ ಆಮೇಲೆ ಹೇಗಿದ್ದೀಯೆಂದು ವಿಚಾರಿಸಲೂ ಇಲ್ಲ, ಆ ಮಾತು ಬಿಡಿ.

ಮೂಳೆ ಕೂಡಿಕೊಂಡಿತು. ಆದರೆ ಮತ್ತೆ ಗಾಡಿ ಹತ್ತಬೇಕಾದರೆ ಇಲಾಖೆಯ ಜಿಮ್ಮಿನಲ್ಲಿ ಕೂತು, ತಲೆಯ ಮೇಲಿನ ಸರಳನ್ನು ಎದೆಯವರೆಗೆ ಎಳೆದು, ಐವತ್ತು ಕಿಲೋ ಎತ್ತಿ ತೋರಿಸಬೇಕು. ಒಂದೇ ಅವಕಾಶ. ತಪ್ಪಿದರೆ ನಿವೃತ್ತಿಯವರೆಗೂ ಫೋನಿನ ಮೇಜು. ಬೇರೆಯವರು ಆ ಕುರ್ಚಿಗಾಗಿ ಕಾದಾಡುತ್ತಿದ್ದರು. ಸೈರನ್ ಕೇಳಿದರೆ ಕಾಲು ನಿಲ್ಲದ ಇವಳಿಗೆ ಅದು ಸೆರೆಮನೆ.

ಅಭ್ಯಾಸಕ್ಕೆ ಅಕ್ಕನ ಗಂಡನದೇ ಜಿಮ್ಮು ಇತ್ತು, ಅಕ್ಕನ ಮನೆಯ ಕೆಳಗೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅವಳು ನಂಬಿದವಳಲ್ಲ, ನಂಬಿದ್ದರೆ ಬದುಕಿಕೊಳ್ಳುತ್ತಿದ್ದಳು. ಮಹಡಿಯ ಮೇಲೆ ಅಮ್ಮ ಲಕ್ವ ಹೊಡೆದು ಮಲಗಿದ್ದಳು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಎತ್ತಿ ಅಕ್ಕನ ಸೊಂಟ ಬಿದ್ದುಹೋಗಿತ್ತು. ತಂಗಿ ಜಿಮ್ಮು ಮುಗಿಸಿ ಮೇಲೆ ಹೋಗಿ, ಅಮ್ಮನಿಗೆ ಸ್ನಾನ ಮಾಡಿಸಿ ಬರುತ್ತಿದ್ದಳು.

ದಿನ ಕಳೆದಂತೆ ಕಬ್ಬಿಣ ಹಗುರವಾಯಿತು. ಕೊನೆಗೆ ಐವತ್ತು ಎಂದು ಬರೆದ ಬಿಲ್ಲೆಗೆ ಕೀಲು ಸಿಕ್ಕಿಸಿ ಎಳೆದರೆ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸರಳು ಎದೆಗೆ ಬಂತು.

"ನೋಡಿ ಭಾವ, ಆನೆ ಬಲ!"

ಭಾವ ಟವೆಲ್ ಮಡಿಸುತ್ತ "ಹೂಂ, ಜೋರಾಗಿದೆ" ಎಂದು ಅಕ್ಕನ ಮುಖ ನೋಡಿದ.

"ಅವಳ ಪಾಡಿಗೆ ಅವಳನ್ನ ಬಿಡಿ" ಎಂದಳು ಅಕ್ಕ.

ಭುಜ ಸರಿಹೋಗಿದೆ ಎಂದು ನಂಬುವುದಕ್ಕೆ ಅವಳ ಮನಸ್ಸು ಹಾತೊರೆಯುತ್ತಿತ್ತು. ಅಂಥವರಿಗೆ ಮೋಸ ಮಾಡಲು ಜಾಣತನವೂ ಬೇಕಿಲ್ಲ.

ಪರೀಕ್ಷೆಯ ದಿನ ಗಾಡಿಯ ಡ್ರೈವರ್ ಕೂಡ ನೋಡಲು ಬಂದಿದ್ದ. ಅವಳು ನಗುತ್ತಲೇ ಕೂತಳು, ಸರಳು ಹಿಡಿದಳು, ಎಳೆದಳು. ಜಪ್ಪಯ್ಯ ಅಂದರೂ ಕದಲಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು. ಭುಜದಲ್ಲಿ ಬೆಂಕಿ ಎದ್ದಿತೇ ಹೊರತು ಕಬ್ಬಿಣ ಏಳಲಿಲ್ಲ. ಡ್ರೈವರ್ ಕಿಟಕಿಯ ಕಡೆ ಮುಖ ತಿರುಗಿಸಿದ.

"ಎಲ್ಲಿ ಅಭ್ಯಾಸ ಮಾಡಿದ್ರಮ್ಮ?" ಎಂದು ಪರೀಕ್ಷಕ ಕೇಳಿದ. "ಅಲ್ಲಿ ಸರಳು ಪೂರ್ತಿ ಎಳೆದಾಗ ಕಬ್ಬಿಣ ಎಷ್ಟು ಮೇಲೆ ಬರ್ತಿತ್ತು?"

ಅವಳು ಒಂದು ಗೇಣು ತೋರಿಸಿದಳು.

"ಅಷ್ಟೇನಾ? ಹಾಗಾದ್ರೆ ಅದರಲ್ಲಿ ರಾಟೆ ಜಾಸ್ತಿ ಇದೆ. ಬರೆದಿರೋದು ಐವತ್ತು, ಕೈಗೆ ಬರೋದು ಅರ್ಧ. ಜಿಮ್ಮಿಂದ ಜಿಮ್ಮಿಗೆ ಹೀಗೇ. ಅವರು ಹೇಳಲಿಲ್ವಾ ನಿಮಗೆ?"

ಅವಳು ನೇರ ಅಕ್ಕನ ಮನೆಗೆ ಬಂದು ರಾಟೆಯ ವಿಷಯ ಕೇಳಿದಳು. ಭಾವ ತಡವರಿಸಿದ. "ಬರೋರಿಗೆಲ್ಲ ಖುಷಿ ಬೇಕು ಕಣಮ್ಮ. ಹೊಟ್ಟೆ ಬಂದೋರು ಎಂಬತ್ತು ಎಳೆದು ಮೀಸೆ ತಿರುವಿಕೊಂಡು ಹೋಗ್ತಾರೆ. ನಿನಗೆ ಹೇಳೋಣ ಅಂತಾನೇ ಇದ್ದೆ..."

"ನಾನೇ ಬೇಡ ಅಂದೆ" ಎಂದಳು ಅಕ್ಕ.

"ಯಾಕಕ್ಕ?"

"ಫೋನಿನ ಕೆಲಸ ಅಂದ್ರೆ ಸಂಜೆಗೆ ಮನೆ ಸೇರ್ತೀಯ. ಗಾಡಿ ಹತ್ತಿದ್ರೆ ಹಗಲೂ ರಾತ್ರಿ ಯಾರದೋ ಅಮ್ಮನ್ನ ಎತ್ಕೊಂಡು ಓಡ್ತಿರ್ತೀಯ. ನಮ್ಮಮ್ಮನ್ನ ಎತ್ತೋರು ಯಾರು? ನನ್ನ ಕೈಲಾಗಲ್ಲ. ಇನ್ನು ಅಮ್ಮ ನಿನ್ನ ಮನೇಲಿರ್ಲಿ."

"ಬಾಯ್ಬಿಟ್ಟು ಕೇಳಬಹುದಿತ್ತಲ್ಲ?"

"ಕೇಳಿದ್ರೆ ಕೆಲಸ ಬಿಟ್ಟು ಬರ್ತಿದ್ದೆಯಾ?"

ಬರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಕೈಯನ್ನು ಅಕ್ಕನ ಮುಖದೆದುರು ಚಾಚಿದಳು.

"ಈ ಕೈಲಿ ಎತ್ತಲಾ ಅಮ್ಮನ್ನ? ಈ ಮುರುಕು ಕೈಲಿ?"

"ಎಲುಬಿನ ಗೂಡಾಗಿದಾಳೆ, ಎಷ್ಟಿದಾಳೆ ಮಹಾ? ಅಷ್ಟಕ್ಕೆ ನಿನ್ನ ಕೈ ಸಾಕು. ದಿನಾ ನೋಡಿದೀನಲ್ಲ."

ಒಳಗಿನಿಂದ ಅಮ್ಮ ತೊದಲುತ್ತ ಅಕ್ಕನನ್ನೇ ಕೂಗಿದಳು. ಅಕ್ಕ ಕೂತಲ್ಲಿಂದ ಏಳಲಿಲ್ಲ.