ಹಿಂಬಾಗಿಲು ತಟ್ಟಿದವರು

ಎರಡು ಸಲ ಬೇಗಬೇಗ. ತುಸು ತಡೆದು ಇನ್ನೊಂದು ಸಲ. ಹಿಂಬಾಗಿಲನ್ನು ಯಾರೋ ತಟ್ಟಿದರು.

ಡೆಬೊರಾ ಎದ್ದು ಕುಳಿತಳು. ಕುರ್ಚಿಯ ಮೇಲಿದ್ದ ಅಂಗಿಯ ಎದೆಗೆ ಸಿಕ್ಕಿಸಿದ್ದ ಪುಟ್ಟ ಗಡಿಯಾರವನ್ನು ಬೆರಳಿನಿಂದ ಮೇಲಕ್ಕೆ ಹೊರಳಿಸಿ ನೋಡಿದಳು. ಬೆಳಗಿನ ಜಾವ ನಾಲ್ಕೂ ಇಪ್ಪತ್ತು.

"ಯಾರು?"

ಉತ್ತರವಿಲ್ಲ. ಬಾಗಿಲಿನ ಕಿಂಡಿಗೆ ಕಣ್ಣಿಟ್ಟಳು. ಬೇಲಿಯ ದೀಪದ ಕೆಳಗೆ ಬೂದು ಮರಳು, ಅದರಾಚೆ ಒಂಟಿ ಘಾಫ್ ಮರ. ಮನುಷ್ಯರ ಸುಳಿವಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆ ಬಾಗಿಲು ತೆರೆದುಕೊಳ್ಳುತ್ತಿದ್ದುದು ಹಕ್ಕಿಗಳ ಬಯಲಿಗೆ. ಸುತ್ತಲೂ ಹನ್ನೆರಡು ಅಡಿ ತಂತಿಬೇಲಿ, ಒಂದೇ ಗೇಟು. ಅದರ ಬೀಗದ ಕೈ ಅವಳ ದಿಂಬಿನ ಕೆಳಗಿತ್ತು.

ಅದು ೨೦೧೪ರ ಅಕ್ಟೋಬರ್. ಅಬುಧಾಬಿಯಿಂದ ಒಂದೂವರೆ ಗಂಟೆ ದೂರದ ಮರಳುಗಾಡಿನಲ್ಲಿದ್ದ ಆ ಕೇಂದ್ರ ಒಬ್ಬ ಅರಬ್ ಉದ್ಯಮಿಯದು. ಆಫ್ರಿಕದ ದಕ್ಷಿಣದಲ್ಲಿ ಅವರಿಗೆ ಸ್ವಂತ ವನ್ಯಧಾಮವೊಂದಿತ್ತು. ಅಲ್ಲಿಂದ ಎಂದೋ ಅಳಿದುಹೋದ, ನೆಲದ ಮೇಲೇ ಅಡ್ಡಾಡುವ ನೆಲಮಂಗಟ್ಟೆ ಹಕ್ಕಿಗಳನ್ನು ಮರಳಿ ನೆಲೆಗೊಳಿಸುವುದು ಅವರ ಹಂಬಲ. ಮೈಯೆಲ್ಲ ಕಪ್ಪು, ಕೊರಳಿನಲ್ಲಿ ಕೆಂಪು ಚರ್ಮದ ಚೀಲ, ಹೆಣ್ಣುಮಕ್ಕಳಿಗಿರುವಂಥ ನೀಳ ರೆಪ್ಪೆ, ನಾಲ್ಕು ವರ್ಷದ ಮಗುವಿನ ಎತ್ತರ. ಈ ಹಕ್ಕಿ ಎರಡು ಮೊಟ್ಟೆಯಿಡುತ್ತದೆ. ಮೊದಲ ಮರಿ ಬದುಕುತ್ತದೆ, ಎರಡನೆಯದು ಹಸಿವಿನಿಂದ ಸಾಯುತ್ತದೆ. ಹಾಗೆ ಸಾಯಬೇಕಿದ್ದ ಎರಡನೆಯ ಮರಿಗಳನ್ನು ಎತ್ತಿ ತಂದು ಸಾಕುವುದೇ ಕೇಂದ್ರದ ಕೆಲಸ. ಈ ಸಲ ಉಳಿದಿದ್ದವು ನಾಲ್ಕು.

ಸಾಕುವ ಕ್ರಮ ಕಠಿಣವಾಗಿತ್ತು. ಮರಿಕೋಣೆಗೆ ಹೋಗುವವರು ತಲೆಯಿಂದ ಪಾದದವರೆಗೆ ಬೂದುಬಣ್ಣದ ನಿಲುವಂಗಿ ತೊಟ್ಟು, ಮುಖ ಮುಚ್ಚಿ, ಕೈಗೆ ತಾಯಿಹಕ್ಕಿಯ ತಲೆಯ ಗೊಂಬೆಯನ್ನು ತೊಡಿಸಿಕೊಂಡು ಅದರ ಕೊಕ್ಕಿನಿಂದಲೇ ಉಣಿಸಬೇಕು. ಒಂದು ಮಾತೂ ಆಡಕೂಡದು. ಮನುಷ್ಯನ ಸಲಿಗೆಗೆ ಬಿದ್ದ ಹಕ್ಕಿ ಕಾಡು ಸೇರದೆ ಮನೆಗಳ ಬಳಿ ಸುಳಿದು ಕಲ್ಲೇಟಿಗೆ ಸಾಯುತ್ತದೆ. ಈಗ ಬೆಳೆದು ಬಯಲಿಗೆ ಬಂದಿದ್ದ ಆ ನಾಲ್ಕನ್ನು ಪರೀಕ್ಷಿಸಲು ಆಫ್ರಿಕದಿಂದ ತಜ್ಞರೊಬ್ಬರು ಭಾನುವಾರ ಬರುವವರಿದ್ದರು. ಗುಂಪಿನಲ್ಲಿ ಒಂದು ಕೆಟ್ಟರೂ ನಾಲ್ಕೂ ಪಂಜರದಲ್ಲೇ ಉಳಿಯಬೇಕು.

ಬೆಳಿಗ್ಗೆ ಮೆಸ್ಸಿನಲ್ಲಿ ಅವಳು ವಿಷಯ ಹೇಳಿದಾಗ ಸೇಸಪ್ಪ ಚಹಾದ ಲೋಟವನ್ನು ಕೆಳಗಿಟ್ಟ. ಪುತ್ತೂರಿನ ಕಡೆಯ ಆತ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಆರಂಭಿಸಿ ಈ ದೇಶದಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದ. ಡೆಬೊರಾಳೊಂದಿಗೆ ಮರಿಗಳಿಗೆ ಉಣಿಸುತ್ತಿದ್ದವನು ಅವನೊಬ್ಬನೇ.

"ಮೂರೇ ಸಲ ತಟ್ಟಿದ್ದಾ ಬಾಯಮ್ಮ? ಹಾಗಾದ್ರೆ ತೆರೀಬೇಡಿ. ಕುಲೆಗಳಿಗೆ ನಾಲ್ಕನೇ ಸಲ ತಟ್ಲಿಕ್ಕೆ ಆಗೂದಿಲ್ಲ."

"ಸತ್ತವರು ಈ ಮರಳಿಗೆ ಯಾಕೆ ಬರ್ತಾರೆ ಸೇಸಪ್ಪಣ್ಣ? ನಿಮ್ಮ ಗೊರಕೆಗೇ ಬಾಗಿಲು ಅಲುಗಿದ್ದಿರಬೇಕು."

"ನನ್ನ ಗೊರಕೆಯನ್ನು ನಾನು ಈವರೆಗೆ ಕೇಳಿದವನಲ್ಲ. ನೀವೆಲ್ಲ ಸೇರಿ ಹುಟ್ಟಿಸಿದ್ದು ಅದು."

ಮರುದಿನ, ಗುರುವಾರವೂ ಅದೇ ಹೊತ್ತಿಗೆ ಅದೇ ಸದ್ದು. ಎರಡು, ಬಿಡುವು, ಒಂದು. ಕಿಂಡಿಯಾಚೆ ಮತ್ತೆ ಬರಿಯ ಮರಳು. ಆ ಬಿಡುವೇ ಅವಳನ್ನು ಹೆಚ್ಚು ಹೆದರಿಸಿತು. ತಟ್ಟಿದವರು ಯಾರೇ ಆಗಿರಲಿ, ಒಳಗಿನಿಂದ ಬರುವ ಉತ್ತರಕ್ಕೆ ಕಿವಿಗೊಟ್ಟು ನಿಂತಂತಿತ್ತು.

ಶುಕ್ರವಾರ ಬೆಳಗಿನ ಜಾವ ಸೇಸಪ್ಪ ಟಾರ್ಚು ಹಿಡಿದು ಅವಳ ಕೋಣೆಯಲ್ಲಿ ಕಾದು ಕುಳಿತ. ಮೂರನೆಯ ಬಡಿತ ಮುಗಿಯುವ ಮೊದಲೇ ಡೆಬೊರಾ ಬಾಗಿಲು ತೆಗೆದಳು. ಎದುರಿಗೆ ಯಾರೂ ಇರಲಿಲ್ಲ. ಟಾರ್ಚಿನ ಬೆಳಕು ನಿಧಾನವಾಗಿ ಕೆಳಗಿಳಿಯಿತು.

ಹೊಸ್ತಿಲಲ್ಲಿ, ಕಿಂಡಿಯ ನೋಟಕ್ಕೆ ಸಿಗದಷ್ಟು ಕೆಳಗೆ, ಕಪ್ಪು ಹಕ್ಕಿಯೊಂದು ಕತ್ತೆತ್ತಿ ಅವಳ ಮುಖವನ್ನೇ ನೋಡುತ್ತಿತ್ತು. ಅದರ ಹಿಂದೆ ಸಾಲಾಗಿ ಇನ್ನೂ ಮೂರು. ಒಂದೂ ಹೆದರಲಿಲ್ಲ, ಹಾರಲಿಲ್ಲ. ಮುಂದಿನದು ಕೊಕ್ಕನ್ನು ಅಗಲಿಸಿ ತುತ್ತಿಗಾಗಿ ಕಾದು ನಿಂತಿತು.

"ಕುಲೆಯೇ ಆಗಿದ್ದಿದ್ರೆ ಒಳ್ಳೇದಿತ್ತು ಬಾಯಮ್ಮ" ಎಂದ ಸೇಸಪ್ಪ ಮೆಲ್ಲಗೆ.

ಹಕ್ಕಿಗಳು ಇದನ್ನು ತಾವಾಗಿ ಕಲಿತಿರಲಿಲ್ಲ. ಬಾಗಿಲು ತಟ್ಟಿದರೆ ಅನ್ನ, ಬಾಗಿಲಿನಾಚೆ ಮನುಷ್ಯ ಎಂದು ಮರಿಕೋಣೆಯಲ್ಲಿ ಯಾರೋ ದಿನವೂ ಕಲಿಸಿದ್ದರು.

ಡೆಬೊರಾ ಕಚೇರಿಯ ಅರೆತೆರೆದ ಬಾಗಿಲನ್ನು ತಟ್ಟಿದಳು.

"ಬನ್ನಿ ಬಾಯ್, ತೆರೆದೇ ಉಂಟಲ್ಲ" ಎಂದ ವ್ಯವಸ್ಥಾಪಕ ವಿಲ್ಸನ್. ನಡೆದುದನ್ನು ಕೇಳಿ ಅವನು ಕುರ್ಚಿಯಿಂದ ಎದ್ದ. ಸೇಸಪ್ಪನನ್ನೂ ಕರೆಸಿದ.

"ಜುಲೈಯಲ್ಲಿ, ಆಟಿ ತಿಂಗಳಲ್ಲಿ, ಮೆಸ್ಸಿನಲ್ಲಿ ಕೂತು ಇವನೇ ಹೇಳಿದ್ದಲ್ವಾ? ಸತ್ತವರಿಗೆ ಎಲೆಯಲ್ಲಿ ಬಡಿಸಿ ಬಾಗಿಲು ಹಾಕೂದು, ಮತ್ತೆ ತಟ್ಟಿ ತೆರೆಯೂದು ಅಂತ. ಕಪ್ಪು ಹಕ್ಕಿ ಕಂಡ ಕೂಡ್ಲೇ ಇವನಿಗೆ ಊರಿನ ಕಾಗೆ ನೆನಪಾಗಿರ್ಬೇಕು."

"ನಮ್ಮ ಸತ್ತವರಿಗೆ ಊರಲ್ಲಿ ನನ್ನ ತಮ್ಮ ಬಡಿಸ್ತಾನೆ ಪೊರ್ಬುಗಳೇ" ಎಂದ ಸೇಸಪ್ಪ. "ಅವರಿಗೂ ವೀಸಾ ಮಾಡಿಸಿ ಇಲ್ಲಿಗೆ ಕರೆಸಲಿಕ್ಕೆ ನನ್ನ ಕೈಲಿ ಆಗ್ಲಿಲ್ಲ."

ವಿಲ್ಸನ್ ನಗಲಿಲ್ಲ. "ಮರಿಕೋಣೆಗೆ ಹೋಗುವವರು ನೀವಿಬ್ಬರೇ. ಬಾಯಿಯವರು ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಶಿಸ್ತು ಕಲಿತವರು. ಮತ್ತೆ ಉಳಿದದ್ದು ಯಾರು? ಖಲಾಸ್. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸುವ." ಅವನು ಒಂದು ಕಾಗದವನ್ನು ಡೆಬೊರಾಳ ಮುಂದೆ ಸರಿಸಿದ. "ಮರಿಕೋಣೆಯ ಕ್ಯಾಮರಾದ ಹಳೇ ಚಿತ್ರ ಉಂಟು. ನೋಡಿ, ತಟ್ಟಿದವನ ಹೆಸರು ತುಂಬಿಸಿ, ಸಂಜೆಯೊಳಗೆ ಕೊಡಿ."

ಹೊರಗೆ ಬಿಸಿಲಿನಲ್ಲಿ ಸೇಸಪ್ಪ ನಿಂತ. "ನನ್ನ ಹೆಸರು ಬರೆದ್ರೆ ಬರೀರಿ ಬಾಯಮ್ಮ, ಹೋಗ್ತೇನೆ. ಆದ್ರೆ ಮುಂದಿನ ವಾರ ಎಂಟು ಮೊಟ್ಟೆ ಒಡೀತದೆ. ತಟ್ಟಿದವ ಇಲ್ಲೇ ಉಳಿದ್ರೆ ಆ ಮರಿಗಳೂ ಬಾಗಿಲು ತಟ್ತಾವೆ."

ಡೆಬೊರಾ ಒಬ್ಬಳೇ ಕುಳಿತು ಪರದೆಯನ್ನು ನೋಡಿದಳು. ಚಿತ್ರಕ್ಕೆ ಸದ್ದಿರಲಿಲ್ಲ. ಜುಲೈ ತಿಂಗಳ ಒಂದು ಮುಂಜಾವು. ನೀಳ ಓಣಿಯಲ್ಲಿ ಮುಖವಿಲ್ಲದ ಬೂದು ಆಕೃತಿಯೊಂದು ನಡೆದು ಬಂದು, ಹೆಗಲಿನಿಂದ ಬಾಗಿಲು ನೂಕಿ ಒಳಹೊಕ್ಕಿತು. ಎತ್ತರದ ಆಳು, ನಿಲುವಂಗಿ ಮೊಣಕಾಲಿನ ಸ್ವಲ್ಪ ಕೆಳಗೇ ಮುಗಿದು, ಸೇಸಪ್ಪನ ಹರಿದ ಚಪ್ಪಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ತಟ್ಟಲಿಲ್ಲ. ಮರುದಿನವೂ ತಟ್ಟಲಿಲ್ಲ. ಇಡೀ ವಾರ ಒಮ್ಮೆಯೂ ತಟ್ಟಲಿಲ್ಲ.

ಸಂಜೆಯ ಚಿತ್ರಗಳನ್ನು ಹಾಕಿದಳು. ಇನ್ನೊಂದು ಆಕೃತಿ ಬಂದಿತು. ಗಿಡ್ಡ ದೇಹ, ನೆಲ ಗುಡಿಸುವ ನಿಲುವಂಗಿ, ಎಡಗೈಯಲ್ಲಿ ತಟ್ಟೆ. ಬಾಗಿಲೆದುರು ನಿಂತು ಬಲಗೈಯ ಬೆರಳಗಂಟಿನಿಂದ ಎರಡು ಸಲ ತಟ್ಟಿತು. ತಲೆಯನ್ನು ಬಾಗಿಲಿನತ್ತ ವಾಲಿಸಿ, ಒಳಗೆ ಮಲಗಿದ ಯಾರದೋ ಅಪ್ಪಣೆಗೆ ಕಾಯುವಂತೆ ನಿಂತಿತು. ಮತ್ತೊಂದು ಸಲ ತಟ್ಟಿ ಒಳಗೆ ಹೋಯಿತು. ಮರುದಿನವೂ ಹಾಗೆಯೇ. ನಲವತ್ತು ದಿನ, ನಲವತ್ತು ಸಂಜೆ, ಒಂದೂ ತಪ್ಪದೆ. ಯಾರನ್ನೂ ವಂಚಿಸುವ ಅವಸರ ಆ ಕೈಯಲ್ಲಿರಲಿಲ್ಲ. ತಾನೇನು ಮಾಡುತ್ತಿದ್ದೇನೆಂಬ ಅರಿವೂ ಇದ್ದಂತಿರಲಿಲ್ಲ.

ಕೊನೆಯ ದಿನದ ಚಿತ್ರದಲ್ಲಿ ಆಕೃತಿ ಉಣಿಸಿ ಹೊರಬಂದು, ದೀಪದ ಕೆಳಗೆ ನಿಂತು, ನಿಲುವಂಗಿಯ ಕೊರಳನ್ನು ಸಡಿಲಿಸಿತು. ಎದೆಗೆ ಸಿಕ್ಕಿಸಿದ್ದ ಪುಟ್ಟದೇನನ್ನೋ ಬೆರಳಿನಿಂದ ಮೇಲಕ್ಕೆ ಹೊರಳಿಸಿ ನೋಡಿತು.

ಪರದೆಯ ಮುಂದೆ ಡೆಬೊರಾಳ ಕೈ ತಾನಾಗಿ ಎದೆಯತ್ತ ಹೋಗಿ ಅರ್ಧದಲ್ಲೇ ನಿಂತಿತು.

ಕಿಟಕಿಯಾಚೆ ಸೇಸಪ್ಪ ಬಯಲಿನ ನೀರತೊಟ್ಟಿಯನ್ನು ಕೊನೆಯ ಸಲ ಎಂಬಂತೆ ತಿಕ್ಕಿ ತೊಳೆಯುತ್ತಿದ್ದ. ಅವಳು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು, ಹೆಸರಿಗೆಂದು ಬಿಟ್ಟಿದ್ದ ಖಾಲಿ ಗೆರೆಯ ಮೇಲೆ ದುಂಡಗಿನ ಅಕ್ಷರಗಳಲ್ಲಿ ಬರೆದಳು:

ಡೆಬೊರಾ ಮೊಂತೇರೊ.