ಮಜೀದ ಕಾಕಾನ ಇಪ್ಪತ್ತಾರು ವರ್ಷ

ಮಲಾಡ್‌ನ ಆ ಚಾಳಿನಾಗ ಕುಕ್ಕರಿನ ಹಿಡಿ ಮುರಿಲಿ, ಸೈಕಲ್ಲಿನ ಪೆಡಲ್ ಕಳಚಲಿ, ಎಲ್ಲಾ ಮಜೀದ ಕಾಕಾನ ಬಾಗಿಲಿಗೇ ಬರೋದು. ಇಪ್ಪತ್ತಾರು ವರ್ಷ ಲೇಥ್ ಮಷೀನಿನ ಮುಂದ ನಿಂತು ಕಬ್ಬಿಣ ಕಡೆದ ಕೈ ಅದು! ಅಂಥಾ ಮನುಷ್ಯ ಆವತ್ತು ಚಹಾ ಸುದ್ದಾ ಮುಟ್ಟದ ಕುಂತಿದ್ದ.

"ಕಾರ್ಖಾನಿಗೆ ವಿಮಾನದ ಭಾಗ ಮಾಡೋ ಆರ್ಡರ್ ಬಂದದ," ಅಂದ ಹೆಂಡತಿ ಗೌಹರಗ. "ಕಂಪ್ಯೂಟರ್ ಮಷೀನ್ ತರಸ್ತಾರಂತ. ಸರ್ಟಿಫಿಕೇಟ್ ಇದ್ದವರಷ್ಟೇ ಅದನ್ನ ಮುಟ್ಟಬೇಕಂತ. ನಾ ಗೋಡೌನಿನಾಗ ಪೆಟ್ಟಿಗಿ ಎತ್ತಬೇಕಂತ."

ಈ ಮಾತು ಕಿವಿಗೆ ಬಿದ್ದು ಪಕ್ಕದ ಖೋಲಿಯ ಸೋನಾಲಿ ಓಡಿ ಬಂದಳು. ಖಂಡಪ್ಪನ ಮಗಳು ಆಕಿ. ಹತ್ತನೇ ಕ್ಲಾಸ್ ಆದಮ್ಯಾಲ ಐಟಿಐ ಕಲಿತು, ಸ್ಟೈಪೆಂಡ್ ತಗೋತ ಅಪ್ರೆಂಟಿಸ್ ಮುಗಿಸಿ, ಈಗ ಅಂಥಾದ್ದ ಮಷೀನ್ ನಡಸ್ತಾಳ.

"ಕಾಕಾ, ಟೆನ್ಷನ್ ಬ್ಯಾಡ್ರಿ. ದುಡದು ಕಲತವರಿಗಂತನ ಸರ್ಕಾರದ ಕೌಶಲ ಪರೀಕ್ಷೆ ಅದ. ಕೈಕೆಲಸ ನೋಡಿ ಸರ್ಟಿಫಿಕೇಟ್ ಕೊಡ್ತಾರ. ಆಮ್ಯಾಲ ಕಂಪ್ಯೂಟರ್ ಮಷೀನಿನ ಕೋರ್ಸ್ ಮಾಡ್ರಿ."

"ಗಡ್ಡ ಬೆಳ್ಳಗಾದಮ್ಯಾಲ ಪರೀಕ್ಷೆಗೆ ಕುಂದ್ರಲಾ? ಜನ ನಗ್ತಾರವಾ!"

"ಪೆಟ್ಟಿಗಿ ಎತ್ತೋದು ನೋಡಿದ್ರ ನಗಂಗಿಲ್ಲೇನು?" ಅಂದಳು ಗೌಹರ. ಕಾಕಾ ಆರಿದ ಚಹಾ ಎತ್ತಿ ಕುಡದ.

ಮರುದಿನ ಸೋನಾಲಿ ಫಾರ್ಮ್ ತಂದಳು. ಕಾಕಾ ಕನ್ನಡಕ ಏರಿಸಿ ತಾನೇ ತುಂಬಿದ. 'ಅನುಭವ' ಅಂತಿದ್ದಲ್ಲಿ 'ಇಲ್ಲ' ಅಂತ ಬರದ.

ಸೋನಾಲಿ ಹೌಹಾರಿದಳು. "ಅರೇ ಕಾಕಾ, ಇದೇನ್ರಿ?"

"ಮಾಲಕ ಒಂದು ಚೀಟಿನೂ ಬರದು ಕೊಟ್ಟಿಲ್ಲ, ಬೇಟಾ. ಕಾಗದ ಇಲ್ಲದ 'ಅದ' ಅಂತ ಸುಳ್ಳ ಹ್ಯಾಂಗ ಬರೀಲಿ?"

ಹುಡುಗಿಗೆ ಕಣ್ಣು ತುಂಬಿ ಬಂತು. "ಈ ಕೈ ಸುಳ್ಳೇನ್ರಿ? ನಿಮ್ಮ ಮಾಲಕರನ್ನ ಕೇಳ್ರಿ, ಪತ್ರ ಕೊಡ್ತಾರ."

ಇಷ್ಟು ವರ್ಷದಾಗ ಕಾಕಾ ಕೇಳಿದ್ದೇ ಇಲ್ಲ. ಆವತ್ತು ಕೇಳಿದ. ಮಾಲಕ ಐದು ನಿಮಿಷದಾಗ ಬರದು ಕೊಟ್ಟ. ಸೋನಾಲಿ ಫಾರ್ಮ್ ತಿದ್ದಿಸಿದಳು.

ಪರೀಕ್ಷೆ ದಿನ ಲೇಥ್ ಚಂದಾಗಿ ತಿರುಗತಿತ್ತು. ನಡುವೆನೇ ಕಾಕಾ ಗಕ್ಕನ ಬಂದ್ ಮಾಡಿದ.

"ಯಾಕ ನಿಲ್ಲಿಸಿದ್ರಿ?" ಅಂದ್ರು ಪರೀಕ್ಷೆ ಮಾಡೋ ಸಾಹೇಬ್ರು.

"ಆವಾಜ್ ಬದಲಾತು ಸಾಬ್. ಕಬ್ಬಿಣ ಕಡಿಯೋ ಟೂಲಿನ ತುದಿ ಹಾರೇದ."

ಸಾಹೇಬ್ರು ಭೂತಗನ್ನಡಿ ಹಿಡದು ನೋಡಿದ್ರು. ಹೌದು, ಕೂದಲೆಳಿಯಷ್ಟು ಚೂರು ಹಾರಿತ್ತು. "ಇದನ್ನ ಯಾರು ಕಲಿಸಿದ್ರು?" ಅಂತ ಕೇಳಿದ್ರು. ಕಾಕಾ ತನ್ನ ಕಿವಿ ಮುಟ್ಟಿ ತೋರಿಸಿದ.

ಸರ್ಟಿಫಿಕೇಟ್ ಬಂತು! ಗೌಹರ ಅದನ್ನ ಹಿಡಕೊಂಡು ಚಾಳಿನ ಎಲ್ಲಾ ಖೋಲಿಗೂ ತೋರಿಸಿದಳು, ಖಂಡಪ್ಪನ ಮನಿಗೆ ಎರಡು ಸಲ. "ಕೋರ್ಸ್ ಮುಗಿಸಿ ಬಾ ಮಜೀದ, ಮೊದಲನೇ ಮಷೀನ್ ನಿಂದೇ," ಅಂದ ಮಾಲಕ.

ಕೋರ್ಸಿನ ಫಾರ್ಮ್ ಕಾಕಾ ಒಬ್ಬನೇ ತುಂಬಿದ. 'ಅನುಭವ' ಅಂತಿದ್ದಲ್ಲಿ, ಕೊಟ್ಟ ಜಾಗಾ ಸಾಲದಂಗ ದೊಡ್ಡ ಅಕ್ಷರದಾಗ ಬರದ: ಇಪ್ಪತ್ತಾರು ವರ್ಷ.

ನಿಮ್ಮ ಮನ್ಯಾಗೂ ಇಂಥಾ ಕೈ ಇರಬೇಕಲ್ರಿ? ಹತ್ತಿರದ ಐಟಿಐಗೆ, ಕೌಶಲ ಕೇಂದ್ರಕ್ಕ ಹೋಗಿ ವಿಚಾರಿಸ್ರಿ. ಗಂಡಿರಲಿ ಹೆಣ್ಣಿರಲಿ, ಮಕ್ಕಳಿಗೆ ಐಟಿಐ, ಅಪ್ರೆಂಟಿಸ್ ದಾರಿ ಅದ. ದುಡಿದವರಿಗೆ ಪರೀಕ್ಷೆ ದಾರಿ ಅದ. ಮಾಲಕರ ಹತ್ರ ಪತ್ರ ಕೇಳಾಕ ನಾಚಬ್ಯಾಡ್ರಿ. ದುಡಿದ ವರ್ಷದ ಮುಂದ 'ಇಲ್ಲ' ಅಂತ ಮಾತ್ರ ಬರೀಬ್ಯಾಡ್ರಿ.